ಕಿವಿ ತಮಟೆಯ ತೂತಿಗೆ ಆಪರೇಷನ್ ಮಾಡಿಸಲೇಬೇಕಾ?

ಚಿಕ್ಕಂದಿನಿಂದ ಕಿವಿ ಸೋರುತ್ತದೆ, ತಮಟೆಯಲ್ಲಿ ತೂತಿದೆ, ಡಾಕ್ಟರ್ ಟಿಂಪನೋಪ್ಲಾಸ್ಟಿ (ತಮಟೆಯ ತೂತು ಮುಚ್ಚುವ ಆಪರೇಷನ್) ಅಂದಿದ್ದಾರೆ, ನೋವಾಗುತ್ತಾ, ಆಮೇಲೆ ಚೆನ್ನಾಗಿ ಕೇಳಿಸುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಎಡಗಿವಿಗೆ ಇದೇ ಆಪರೇಷನ್ ಮಾಡಿಸಿಕೊಂಡವನು.

ಕಪಾಳಕ್ಕೆ ಏಟು ಬಿದ್ದೋ ಕಡ್ಡಿ ಚುಚ್ಚಿಯೋ ಹೊಸದಾಗಿ ಹರಿದ ತಮಟೆ ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಸೋರಿದ ಕಿವಿ ಹಾಗಲ್ಲ. ತೂತಿನ ಅಂಚು ಗಟ್ಟಿಯಾಗಿಬಿಟ್ಟಿರುತ್ತದೆ. ಆಪರೇಷನ್‌ನಲ್ಲಿ ಆ ಅಂಚನ್ನು ಕೆರೆದು ಹಸಿ ಮಾಡುತ್ತಾರೆ. ಕಿವಿಯ ಮೇಲ್ಭಾಗದ ಸ್ನಾಯುವಿನ ಮೇಲಿರುವ ತೆಳು ಪೊರೆಯನ್ನು ತೆಗೆದು, ತಮಟೆಯ ಒಳಮಗ್ಗುಲಲ್ಲಿ ಹಾಸುತ್ತಾರೆ. ಚಪ್ಪರದ ಮೇಲೆ ಬಳ್ಳಿ ಹಬ್ಬಿದ ಹಾಗೆ ನಮ್ಮದೇ ಚರ್ಮ ಅದರ ಮೇಲೆ ಬೆಳೆದು ತೂತು ಮುಚ್ಚುತ್ತದೆ. ಕೆಲವರಿಗೆ ಪೊರೆಯ ಬದಲು ಕಿವಿಯ ಮೃದು ಎಲುಬನ್ನೇ ಇಡುತ್ತಾರೆ.

ನನಗೆ ಕಿವಿಯ ಸುತ್ತ ಮಾತ್ರ ಮರಗಟ್ಟಿಸಿದ್ದರು. ನೋವಿಗಿಂತ ಹೀರುವ ಕೊಳವೆಯ ಸದ್ದೇ ಜಾಸ್ತಿ ಹಿಂಸೆ. ಹೆದರಿಕೆ ಇದ್ದರೆ ಪೂರ್ತಿ ಅರಿವಳಿಕೆ ಕೊಡುತ್ತೀರಾ ಅಂತ ಮೊದಲೇ ಕೇಳಿ. ಆಮೇಲೆ ಕಿವಿಯ ಮೇಲ್ತುದಿ ಬಹಳ ದಿನ ಜೋಮು ಹಿಡಿದಂತಿತ್ತು. ನಾಲಗೆಯ ಒಂದು ಬದಿಗೆ ತಾಮ್ರ ನೆಕ್ಕಿದಂಥ ರುಚಿ. ರುಚಿಯ ನರವೊಂದು ತಮಟೆಯ ಹಿಂದೆಯೇ ಹಾದು ಹೋಗುತ್ತದಂತೆ. ಹೆಚ್ಚಿನವರಿಗೆ ನಿಧಾನಕ್ಕೆ ಸರಿಹೋಗುತ್ತದೆ.

ಕೇಳಿಸುವ ವಿಚಾರದಲ್ಲಿ ಮಾತ್ರ ಆಸೆ ಹದದಲ್ಲಿರಲಿ. ಇದರ ಮೊದಲ ಲಾಭ ಕಿವಿ ಒಣಗುವುದು, ಮತ್ತೆ ಮತ್ತೆ ಸೋಂಕಾಗದಿರುವುದು. ಬರೀ ತೂತಿನಿಂದ ಮಂದವಾಗಿದ್ದರೆ ಕೇಳಿಸುವುದೂ ಸುಧಾರಿಸುತ್ತದೆ. ಒಳಗಿನ ಪುಟ್ಟ ಮೂಳೆ ಸವೆದಿದ್ದರೆ ಅದನ್ನೂ ಜೋಡಿಸಬೇಕು. ನರವೇ ಸೋತಿದ್ದರೆ ತಮಟೆ ಮುಚ್ಚಿದರೂ ಆ ಮಂದ ಸರಿಹೋಗುವುದಿಲ್ಲ. ಕೇಳುವ ಶಕ್ತಿಯನ್ನು ಅಳೆಯುವ ಆಡಿಯೋಗ್ರಾಮ್ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ, ಬಿಡಿಸಿ ಹೇಳಿ ಅಂತ ಕೂತು ಕೇಳಿ. ಆಪರೇಷನ್ ಆದ ಹೊಸದರಲ್ಲಿ ಕಿವಿಯೊಳಗೆ ಕರಗುವ ಸ್ಪಂಜು ತುಂಬಿರುವುದರಿಂದ ಮೊದಲಿಗಿಂತ ಕಡಿಮೆಯೇ ಕೇಳಿಸುತ್ತದೆ, ಗಾಬರಿ ಬೇಡ.

ಮನೆಗೆ ಬಂದ ಮೇಲೆ ಜಾಗ್ರತೆ ಮುಖ್ಯ. ಸಿಂಬಳ ತೆಗೆಯಲು ಮೂಗು ಜೋರಾಗಿ ಊದಿದರೆ ಗಾಳಿಯ ಒತ್ತಡ ಮೂಗಿನ ಹಿಂದಿನ ಕೊಳವೆಯಿಂದ ನೇರ ಕಿವಿಗೆ ಹೋಗಿ ಹೊಸ ಪೊರೆಯನ್ನು ಜರುಗಿಸಬಹುದು. ಸೀನು ಬಂದರೆ ಬಾಯಿ ತೆರೆದೇ ಸೀನಿ. ಭಾರ ಎತ್ತುವುದು, ವಿಮಾನ, ಈಜು ಎಲ್ಲಕ್ಕೂ ಡಾಕ್ಟರ್ ಹೂಂ ಅನ್ನುವವರೆಗೆ ತಡೆಯಿರಿ. ಸ್ನಾನಕ್ಕೆ ವ್ಯಾಸಲೀನ್ ಸವರಿದ ಹತ್ತಿ. ಮನೆಯ ಹಿರಿಯರು ಬೆಳ್ಳುಳ್ಳಿ ಎಣ್ಣೆ ಕಾಯಿಸಿಕೊಂಡು ಬಂದೇ ಬರುತ್ತಾರೆ. ಅದನ್ನು ಒಗ್ಗರಣೆಗೆ ಬಳಸಲು ಹೇಳಿ!

ಇನ್ನೊಂದು ಮಾತು. ಸೋರುವುದು ಕೆಟ್ಟ ವಾಸನೆ ಬರುತ್ತಿದ್ದರೆ ಅದು ಕೊಲೆಸ್ಟಿಯಟೋಮಾ, ಅಂದರೆ ಕಿವಿಯೊಳಗೆ ಚರ್ಮ ಬೆಳೆದು ಮೂಳೆ ತಿನ್ನುವ ತೊಂದರೆ, ಇರಬಹುದು. ಅದಕ್ಕೆ ಬೇರೆ, ದೊಡ್ಡ ಆಪರೇಷನ್ ಬೇಕಾಗುತ್ತದೆ. ಜತೆಗೆ ತಲೆಸುತ್ತು, ಮುಖ ಒಂದು ಕಡೆ ಸೊಟ್ಟಗಾಗುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.