ದಾರಿ ಮುಗಿದ ಮೇಲೆ

ಪ್ರಶ್ನೆ: ಅಮೆರಿಕದಲ್ಲಿ ಸುಮಾರು 3,500 ಕಿಲೋಮೀಟರ್ ಉದ್ದದ ಅಪಲೇಚಿಯನ್ ಟ್ರೇಲ್ ಎಂಬ ಚಾರಣದ ದಾರಿಯನ್ನು ಆರು ತಿಂಗಳಲ್ಲಿ ನಡೆದು ಮುಗಿಸಿದೆ. ಮರಳಿ ಬಂದು ಎರಡು ತಿಂಗಳಾದರೂ ಯಾವುದರಲ್ಲಿಯೂ ಉತ್ಸಾಹವಿಲ್ಲ, ನಿದ್ರೆಯೂ ಸರಿಯಾಗಿ ಬರುತ್ತಿಲ್ಲ. ಗುರಿ ಮುಟ್ಟಿದ ಮೇಲೆ ಹೀಗೇಕೆ?

ಉತ್ತರ: ದೀರ್ಘ ಚಾರಣಿಗರಲ್ಲಿ ಇದು ಅಪರೂಪವಲ್ಲ, ದಯವಿಟ್ಟು ಇದನ್ನು ದೌರ್ಬಲ್ಯವೆಂದು ಭಾವಿಸಬೇಡಿ. ಜಾರ್ಜಿಯಾದಿಂದ ಮೇನ್‌ವರೆಗಿನ ಆ ದಾರಿಯಲ್ಲಿ ಪ್ರತಿ ಬೆಳಗ್ಗೆಯೂ ಮುಂದಿನ ತಂಗುದಾಣವೆಂಬ ಸ್ಪಷ್ಟ ಗುರಿ, ದಿನವಿಡೀ ದೇಹಶ್ರಮ, ಅದೇ ಕಷ್ಟವನ್ನು ಹಂಚಿಕೊಳ್ಳುವ ಸಹಚಾರಣಿಗರ ಒಡನಾಟ ನಿಮಗಿದ್ದವು. ಮನಸ್ಸನ್ನು ಎತ್ತಿ ಹಿಡಿದಿದ್ದ ಇವೆಲ್ಲವೂ ಒಮ್ಮೆಗೇ ಇಲ್ಲವಾದಾಗ ಶೂನ್ಯಭಾವ ಆವರಿಸುವುದು ಸಹಜ. ವಿಶ್ರಾಂತಿಯ ಹೆಸರಿನಲ್ಲಿ ನಡಿಗೆಯನ್ನು ಪೂರ್ತಿ ನಿಲ್ಲಿಸದೆ ದಿನವೂ ಸ್ವಲ್ಪ ಹೊತ್ತು ಹೊರಗೆ ನಡೆಯಿರಿ, ಜೊತೆಗೆ ನಡೆದವರೊಡನೆ ಮಾತನಾಡಿ. ಮುಂದಿನ ಚಾರಣವನ್ನು ನಿಗದಿಪಡಿಸುವ ಆತುರ ಈಗಲೇ ಬೇಡವೆಂಬುದು ನನ್ನ ಅಭಿಪ್ರಾಯ. ನಿರುತ್ಸಾಹ, ನಿದ್ರಾಹೀನತೆ ಇಷ್ಟು ದಿನ ಮುಂದುವರಿದಿರುವುದರಿಂದ ಮನೋವೈದ್ಯರನ್ನು ಈ ವಾರವೇ ಕಾಣಿರಿ. ಬದುಕೇ ಬೇಡವೆನ್ನಿಸಿದರೆ ಒಂದು ದಿನವೂ ಕಾಯಬೇಡಿ.