ಕಾಲುವೆ ತುಂಬಿದೆ, ತೂಬಿಲ್ಲ

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಅವರ ತಂಗಿಯ ಐದು ತಿಂಗಳ ಗಂಡುಮಗು ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದೆ. ಬಾಯಿ ತುಂಬ ಬಿಳಿ ಹುಣ್ಣು, ಎರಡು ಸಲ ನ್ಯುಮೋನಿಯಾ, ನಿಲ್ಲದ ಭೇದಿ. ತೂಕ ಏರಲೇ ಇಲ್ಲ. ಕೊನೆಗೆ ಅಲ್ಲಿನ ಡಾಕ್ಟರು ‘ಸ್ಕಿಡ್’ ಅಂತ ಹೆಸರು ಹೇಳಿದ್ದಾರೆ. ಸೋಂಕು ತಡೆಯುವ ಶಕ್ತಿ ಹುಟ್ಟಿನಿಂದಲೇ ಇಲ್ಲದ ಕಾಯಿಲೆ ಅದು. ರಿಪೋರ್ಟಿನಲ್ಲಿ ‘ಟಿ ಕೋಶ ಇಲ್ಲ, ಸಿಡಿ127 ರಿಸೆಪ್ಟರ್ ಇಲ್ಲ’ ಅನ್ನುವ ಅರ್ಥದ ಸಾಲಿದೆಯಂತೆ. ಟಿ ಕೋಶ ಅಂದರೆ ಸೋಂಕಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಇದೇ ತಾಯಿಯ ಹಿಂದಿನ ಗಂಡುಮಗುವೂ ಆರು ತಿಂಗಳಿಗೆ ತೀರಿಕೊಂಡಿತ್ತು. ಆಗ ಎಲ್ಲರೂ ದೃಷ್ಟಿ ತಾಗಿತು ಅಂದಿದ್ದರು. ನಾಲ್ಕು ವರ್ಷದ ಮೊದಲ ಮಗಳು ಚೆನ್ನಾಗಿದ್ದಾಳೆ.

ಕಾಗದಕ್ಕೆ ಎರಡು ಹಾಳೆ ಪಿನ್ ಮಾಡಿದ್ದಾರೆ. ಒಂದು, ಮಗುವಿನ ಹಳೆಯ ರಕ್ತಪರೀಕ್ಷೆಯ ಜೆರಾಕ್ಸ್. ಇನ್ನೊಂದು ನಮ್ಮದೇ ಪತ್ರಿಕೆಯ ಪುಟ. ‘ಮಕ್ಕಳ ಇಮ್ಯೂನಿಟಿ ಹೆಚ್ಚಿಸುವ ಹತ್ತು ಮನೆಮದ್ದು’ ಅನ್ನುವ ತಲೆಬರಹದ ಪಕ್ಕ ಕೆಂಪು ಇಂಕಿನಲ್ಲಿ ಬರೆದಿದ್ದಾರೆ: ‘ಇದನ್ನು ಓದಿ ಮಗುವಿಗೆ ಕಷಾಯ ಕುಡಿಸಿದೆವು. ನೀವು ಹೇಳಿದ ಶಕ್ತಿ ಎಲ್ಲಿ ಹೆಚ್ಚಾಯಿತು?’

ಮಾಸ್ತರರೇ,

ಮೊದಲು ಆ ಕೆಂಪು ಇಂಕಿಗೆ ಉತ್ತರ ಕೊಡುತ್ತೇನೆ. ಆ ಲೇಖನ ಹಾಕಿದ್ದು ನನ್ನ ತಪ್ಪು. ಆರು ತಿಂಗಳಾಗುವ ತನಕ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಅನ್ನುವ ಒಂದು ಸಾಲಾದರೂ ಅದರಲ್ಲಿ ಇರಬೇಕಿತ್ತು, ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ತಲೆಬರಹದ್ದು. ಇಮ್ಯೂನಿಟಿ ಅಂದರೆ ಹಂಡೆಯ ನೀರಲ್ಲ, ಕಡಿಮೆಯಾದರೆ ಎರಡು ಕೊಡ ಸುರಿಯೋಣ ಅನ್ನೋಕೆ. ಅದು ಕೋಶಗಳ ಕೆಲಸ. ಆ ಕೋಶಗಳು ಹುಟ್ಟಬೇಕು, ಬೆಳೆಯಬೇಕು, ಪಳಗಬೇಕು. ನಿಮ್ಮ ಸೋದರಳಿಯನ ಮೈಯಲ್ಲಿ ನಿಂತುಹೋಗಿರುವುದು ಆ ಬೆಳೆಯುವ ಹಂತ. ಕಷಾಯ ಕುಡಿಸಿದ್ದರಿಂದ ಹಾಗಾಗಿದ್ದಲ್ಲ. ಕುಡಿಸದಿದ್ದರೂ ಹೀಗೇ ಇರುತ್ತಿತ್ತು. ಇದನ್ನು ನಿಮ್ಮ ತಂಗಿಗೆ ಹೇಳಿ.

ರಿಸೆಪ್ಟರ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದ್ದೀರಿ. ಪುಸ್ತಕಗಳಲ್ಲಿ ‘ಗ್ರಾಹಕ’ ಅಂತಿದೆ. ಆದರೆ ಗ್ರಾಹಕ ಅಂದ ತಕ್ಷಣ ನಮಗೆ ನೆನಪಾಗುವುದು ಗ್ಯಾಸ್ ಏಜೆನ್ಸಿ ಮುಂದೆ ಬುಕ್ ಹಿಡಿದು ನಿಂತವರು, ಅಲ್ವಾ? ಸುಮ್ನೆ ರಿಸೆಪ್ಟರ್ ಅಂತಲೇ ಇಟ್ಟುಕೊಳ್ಳೋಣ. ಕೋಶದ ಮೈಮೇಲೆ ಕೂತಿರುವ ಪ್ರೋಟೀನ್ ಅದು. ಅರ್ಧ ಹೊರಗೆ ಚಾಚಿರುತ್ತದೆ, ಬಾಲ ಒಳಗೆ ಇರುತ್ತದೆ. ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಅದರ ಕೆಲಸ.

ನಮ್ಮ ಪತ್ರಿಕೆಗೆ ಬರೆಯುವ ಮಕ್ಕಳ ಡಾಕ್ಟರೊಬ್ಬರು ಬಳ್ಳಾರಿಯಲ್ಲೇ ಇದ್ದಾರೆ. ನಿಮ್ಮ ಕಾಗದ ಹಿಡಿದು ಎರಡು ಸಂಜೆ ಅವರ ಜೊತೆ ಕೂತಿದ್ದೆ. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ.

ಟಿ ಕೋಶದ ಬೀಜ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಅಲ್ಲಿಂದ ಅದು ಥೈಮಸ್‌ಗೆ ಬರುತ್ತದೆ. ಎದೆಯ ನಡುಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಒಂದು ಮೆತ್ತನೆಯ ಗ್ರಂಥಿ ಅದು. 1961ರಲ್ಲಿ ಜಾಕ್ ಮಿಲ್ಲರ್ ಅನ್ನುವವರು ಇಲಿಮರಿಗಳ ಥೈಮಸ್ ತೆಗೆದು ನೋಡುವ ತನಕ ಅದು ಯಾವ ಕೆಲಸಕ್ಕಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಎಳೆಯ ಕೋಶಗಳ ಸುತ್ತ ಇರುವ ಕೋಶಗಳು ಐಎಲ್-7 ಅನ್ನುವ ರಸ ಒಸರುತ್ತವೆ. 1988ರಲ್ಲಿ ಗುರುತಿಸಿದ ರಸ ಇದು. ಅದನ್ನು ಹಿಡಿಯುವ ರಿಸೆಪ್ಟರ್‌ಗೆ ಎರಡು ತುಂಡು. ಆಲ್ಫಾ ಅನ್ನುವ ತುಂಡೇ ನಿಮ್ಮ ರಿಪೋರ್ಟಿನ ಸಿಡಿ127. ಇನ್ನೊಂದರ ಹೆಸರು ಗಾಮಾ. ಐಎಲ್-7 ಬಂದು ಕೂತರೆ ಎರಡೂ ಹತ್ತಿರ ಸರಿದು ಕೂಡಿಕೊಳ್ಳುತ್ತವೆ. ಒಳಗಿನ ಬಾಲಗಳಿಗೆ ಅಂಟಿಕೊಂಡಿರುವ ಜಾಕ್1, ಜಾಕ್3 ಅನ್ನುವ ಕಿಣ್ವಗಳು ಎಚ್ಚರಾಗುತ್ತವೆ. ಸುದ್ದಿ ಕೋಶದ ನಡುವಿಗೆ ಮುಟ್ಟುತ್ತದೆ. ಸುದ್ದಿ ಇಷ್ಟೇ: ಬದುಕು, ಒಂದು ಎರಡಾಗು. ಆ ಸುದ್ದಿ ಸಿಗದ ಎಳೆಯ ಕೋಶ ತನ್ನಷ್ಟಕ್ಕೆ ಸಾಯುತ್ತದೆ.

ಸಿಂಧನೂರು ಕಡೆಯವರಿಗೆ ಕಾಲುವೆಯ ಮಾತು ಯಾರೂ ಹೇಳಿಕೊಡಬೇಕಾಗಿಲ್ಲ. ಡ್ಯಾಮ್ ತುಂಬಿದೆ, ಎಡದಂಡೆಯಲ್ಲಿ ನೀರು ಬಿಟ್ಟಿದ್ದಾರೆ, ಉಪಕಾಲುವೆಯೂ ತುಂಬಿ ಹರಿಯುತ್ತಿದೆ. ಆದರೆ ನಿಮ್ಮ ಹೊಲಕ್ಕೆ ತೂಬೇ ಇಲ್ಲ. ಭತ್ತದ ಸಸಿ ಕಾಲುವೆಯ ಪಕ್ಕದಲ್ಲೇ ಒಣಗುತ್ತದೆ. ಮಗುವಿನ ಮೈಯಲ್ಲಿ ಆಗಿರುವುದು ಇದೇ. ಐಎಲ್-7 ಇದೆ. ಬಳಸುವವರಿಲ್ಲದೆ ಇಂಥ ಮಕ್ಕಳ ರಕ್ತದಲ್ಲಿ ಅದರ ಮಟ್ಟ ಏರಿಯೇ ಇರುತ್ತದೆ. ಮೇಲಿನಿಂದ ಇನ್ನಷ್ಟು ನೀರು ಬಿಟ್ಟರೆ ಏನು ಉಪಯೋಗ? ನಮ್ಮ ಹತ್ತು ಮನೆಮದ್ದು ಮಾಡಲು ಹೊರಟಿದ್ದು ಅದನ್ನೇ.

ಅಂದಹಾಗೆ, ಜಾಸ್ತಿಯಾದರೂ ಕಷ್ಟವೇ. ರಕ್ತದ ಕ್ಯಾನ್ಸರ್ ಬಂದ ಕೆಲವು ಮಕ್ಕಳಲ್ಲಿ ಇದೇ ರಿಸೆಪ್ಟರ್ ಕೆಟ್ಟು, ಐಎಲ್-7 ಇಲ್ಲದಿದ್ದರೂ ‘ಎರಡಾಗು, ಎರಡಾಗು’ ಅನ್ನುತ್ತಲೇ ಇರುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ನಾವೆಲ್ಲ ನೋಡಿದೆವಲ್ಲ, ನೀರು ಬಂತು ಅಂತ ಯಾರೂ ಖುಷಿಪಡಲಿಲ್ಲ. ‘ಇಮ್ಯೂನಿಟಿ ಹೆಚ್ಚಿಸಿ’ ಅನ್ನುವ ಮಾತನ್ನು ಇನ್ನು ಮುಂದೆ ನಮ್ಮ ಪತ್ರಿಕೆಯಲ್ಲಿ ಬರೆಯುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ.

ಈಗ ಆ ಜೆರಾಕ್ಸ್‌ಗೆ ಬರುತ್ತೇನೆ. ನನಗೆ ನಿದ್ದೆ ಕೆಡಿಸಿದ್ದು ಅದೇ. ಮಗು ಎರಡೂವರೆ ತಿಂಗಳದ್ದಿದ್ದಾಗ ಮಾಡಿಸಿದ ಪರೀಕ್ಷೆ. ಒಟ್ಟು ಬಿಳಿ ರಕ್ತಕಣ 7,400. ಪಕ್ಕದ ಕಾಲಮ್ಮಿನಲ್ಲಿ 4,000ದಿಂದ 11,000 ಅಂತ ಅಚ್ಚಾಗಿದೆ. ಅದರೊಳಗೆ ಬಂತು, ‘ಕೌಂಟ್ ನಾರ್ಮಲ್’ ಅಂದು ಕಳಿಸಿದರು ಅಂತ ಬರೆದಿದ್ದೀರಿ. ಒಂದು ಸಾಲು ಕೆಳಗೆ ನೋಡಿ. ಲಿಂಫೋಸೈಟ್ 12 ಪರ್ಸೆಂಟ್. ಟಿ ಕೋಶ ಈ ಗುಂಪಿನದೇ. 7,400ರಲ್ಲಿ 12 ಪರ್ಸೆಂಟ್ ಅಂದರೆ 888. ನಿಮ್ಮ ಐದನೇ ಕ್ಲಾಸಿನ ಹುಡುಗರು ಮಾಡುವ ಲೆಕ್ಕ. ನನ್ನ ವಯಸ್ಸಿನವನಿಗೆ 888 ಬಂದರೆ ಡಾಕ್ಟರು ಸ್ವಲ್ಪ ಕಡಿಮೆ ಅಂದು ಮುಂದೆ ಹೋಗಬಹುದು. ಎಳೆಗೂಸಿನ ಲೆಕ್ಕ ಬೇರೆ. ಆ ವಯಸ್ಸಿನಲ್ಲಿ ಬಿಳಿ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಿಂಫೋಸೈಟೇ ಇರುತ್ತವೆ. 2,500–3,000ಕ್ಕಿಂತ ಕಡಿಮೆ ಇದ್ದರೆ ಯಾಕೆ ಅಂತ ಹುಡುಕಲೇಬೇಕು. ಹಾಳೆಯಲ್ಲಿ ಅಚ್ಚಾಗಿದ್ದು ದೊಡ್ಡವರ ಅಳತೆ. ದೊಡ್ಡವರ ಅಂಗಿಯ ಅಳತೆ ಹಿಡಿದು ಕೂಸಿಗೆ ಸರಿಹೋಯಿತು ಅಂದಂತಾಯಿತು.

ಇದನ್ನು ಯಾರನ್ನೋ ಬೈಯಲು ಬರೆಯುತ್ತಿಲ್ಲ. ಪದೇ ಪದೇ ಕಾಯಿಲೆ ಬೀಳುವ ಕೂಸು ಯಾರ ಮನೆಯಲ್ಲಿದ್ದರೂ ಅವರು ಆ ಎರಡು ಅಂಕಿ ಗುಣಿಸಿ ನೋಡಲಿ, ಡಾಕ್ಟರ ಮುಂದೆ ಇಡಲಿ ಅಂತ ಬರೆಯುತ್ತಿದ್ದೇನೆ. ಬೇರೆ ಖರ್ಚಿಲ್ಲ, ಅಂಕಿ ಕೈಯಲ್ಲಿರುವ ಹಾಳೆಯಲ್ಲೇ ಇರುತ್ತದೆ. ಆದರೆ ಒಂದು ಎಚ್ಚರ. ಸಿಡಿ127 ಇಲ್ಲದ ಮಕ್ಕಳಲ್ಲಿ ಬಿ ಕೋಶ, ಎನ್‌ಕೆ ಕೋಶ ಅನ್ನುವ ಬೇರೆ ಬಗೆಯ ಲಿಂಫೋಸೈಟ್ ಉಳಿದಿರುತ್ತವೆ. ಅವು ಸೇರಿ ಲೆಕ್ಕ ಕೆಲವೊಮ್ಮೆ ಸರಿಯಾಗಿದೆ ಅಂತಲೇ ಕಾಣುತ್ತದೆ. ಅಂಕಿ ಚೆನ್ನಾಗಿದೆ, ಕೂಸು ಚೆನ್ನಾಗಿಲ್ಲ ಅಂದರೆ ಕೂಸನ್ನೇ ನಂಬಬೇಕು. ಇನ್ನೊಂದು ವಿಚಿತ್ರ, ಇಲಿಗಳಲ್ಲಿ ಈ ರಿಸೆಪ್ಟರ್ ಇಲ್ಲದಿದ್ದರೆ ಬಿ ಕೋಶವೂ ಬೆಳೆಯುವುದಿಲ್ಲ. ಮನುಷ್ಯರಲ್ಲಿ ಬೆಳೆಯುತ್ತವೆ. ಆದರೆ ಟಿ ಕೋಶದ ಆಸರೆಯಿಲ್ಲದೆ ಅವು ಸರಿಯಾದ ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನ್, ಮಾಡಲಾರವು. ಆಸ್ಪತ್ರೆಯಲ್ಲಿ ಮೂರು-ನಾಲ್ಕು ವಾರಕ್ಕೊಮ್ಮೆ ಏರಿಸುವ ದುಬಾರಿ ಬಾಟಲಿ ಅಂದಿರಲ್ಲ, ಅದು ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯ.

‘ಮೂರು ವಾರವಾಯಿತು, ಇನ್ನೂ ಟ್ರಾನ್ಸ್‌ಪ್ಲಾಂಟ್ ಮಾಡಿಲ್ಲ, ಸುಮ್ನೆ ಬಿಲ್ ಏರಿಸುತ್ತಿದ್ದಾರಾ’ ಅಂತ ಕೇಳಿದ್ದೀರಿ. ಟ್ರಾನ್ಸ್‌ಪ್ಲಾಂಟ್ ಅಂದರೆ ಬೇರೆಯವರ ಮೂಳೆಮಜ್ಜೆ ಮಗುವಿಗೆ ಹಾಕುವುದು, ಅದರಿಂದ ಟಿ ಕೋಶ ಬೆಳೆಯಲಿ ಅಂತ. ಕಾಯುವುದಕ್ಕೆ ಕಾರಣವಿದೆ. ಉತ್ತರ ಅಮೆರಿಕದಲ್ಲಿ 2000ದಿಂದ 2009ರವರೆಗೆ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ 240 ಸ್ಕಿಡ್ ಮಕ್ಕಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಮೂರೂವರೆ ತಿಂಗಳೊಳಗೆ ಕಸಿಯಾದವರಲ್ಲಿ ಐದು ವರ್ಷದ ನಂತರ 94 ಪರ್ಸೆಂಟ್ ಬದುಕಿದ್ದರು. ನಮ್ಮ ಮಗುವಿಗೆ ಆ ಗಡುವು ದಾಟಿತು, ಸುಳ್ಳು ಹೇಳಲಾರೆ. ಆದರೆ ಆಮೇಲೆ ಕಸಿಯಾದವರಲ್ಲೂ ಸೋಂಕು ಬಂದು ವಾಸಿಯಾದ ಮೇಲೆ ಮಾಡಿಸಿಕೊಂಡವರಲ್ಲಿ 82 ಪರ್ಸೆಂಟ್ ಉಳಿದರು. ಸೋಂಕು ಇರುವಾಗಲೇ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧ. ಡಾಕ್ಟರು ಎದೆಯ ಸೋಂಕು ಇಳಿಯಲಿ ಅಂತ ಕಾಯುತ್ತಿರುವುದು ಈ ಅಂತರಕ್ಕಾಗಿ.

ಸೋಂಕು ತಾಗದಿರಲಿ ಅಂತ ಮಗುವನ್ನು ಬೇರೆ ಇಟ್ಟಿರುವ ಗಾಜಿನ ರೂಮು ಜೀವನಪೂರ್ತಿ ಇರುವುದಿಲ್ಲ. ಹಿಂದೆ ಒಬ್ಬ ಹುಡುಗ ಹಾಗೆ ಬದುಕಿದ್ದ. ಡೇವಿಡ್ ವೆಟ್ಟರ್, ಅಮೆರಿಕದ ಟೆಕ್ಸಾಸ್‌ನವನು, 1971ರಲ್ಲಿ ಹುಟ್ಟಿದವನು. ಹನ್ನೆರಡು ವರ್ಷ ಪ್ಲಾಸ್ಟಿಕ್ ಗೂಡಿನೊಳಗೆ ಬೆಳೆದ. ಕೊನೆಗೆ ಅಕ್ಕನ ಮಜ್ಜೆ ಹಾಕಿದರು. ಅದರಲ್ಲಿ ಯಾರಿಗೂ ಕಾಣದೆ ಒಂದು ವೈರಸ್ ಅಡಗಿತ್ತು. 1984ರಲ್ಲಿ ತೀರಿಕೊಂಡ. ಅವನಿಗಿದ್ದದ್ದು ಗಾಮಾ ತುಂಡಿನ ದೋಷ. ಆ ಜೀನ್ ಕೆಟ್ಟರೆ ಹೀಗಾಗುತ್ತದೆ ಅಂತ ಗೊತ್ತಾಗಿದ್ದು 1993ರಲ್ಲಿ, ಅವನು ಹೋಗಿ ಒಂಬತ್ತು ವರ್ಷವಾದ ಮೇಲೆ. ಆಲ್ಫಾ ತುಂಡಿನದು, ಅಂದರೆ ನಿಮ್ಮ ಅಳಿಯನದು, 1998ರಲ್ಲಿ. ಈಗ ದಾನಿಯ ಮಜ್ಜೆಯಲ್ಲಿರುವ ವೈರಸ್ ಮೊದಲೇ ಹುಡುಕಿ ನೋಡುತ್ತಾರೆ. ನಾಲ್ಕು ವರ್ಷದ ಅಕ್ಕನ ಎಚ್‌ಎಲ್‌ಎ, ಅಂದರೆ ಕೋಶದ ಮೈಮೇಲಿನ ಗುರುತು, ಮಗುವಿನದಕ್ಕೆ ಹೊಂದುತ್ತದಾ ಅಂತ ನೋಡಿದ್ದಾರಾ ಕೇಳಿ. ಹೊಂದದಿದ್ದರೆ ಅಪ್ಪ-ಅವ್ವನಿಂದ ಅರ್ಧ ಹೊಂದಿದ ಮಜ್ಜೆ ಹಾಕುವ ದಾರಿಯೂ ಇದೆ. ಖರ್ಚಿನ ವಿಷಯ: ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಮೊದಲ ಗುಂಪಿನಲ್ಲಿ ಸ್ಕಿಡ್ ಇದೆ. 50 ಲಕ್ಷದವರೆಗೆ ನೆರವಿಗೆ ಅವಕಾಶವಿದೆ. ಅರ್ಜಿ ಹೋಗಬೇಕಾದ್ದು ಗುರುತಿಸಿದ ಕೇಂದ್ರಗಳ ಮೂಲಕ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಕೂಡಿ ಆ ಕೆಲಸ ನೋಡುತ್ತವೆ. ಇವತ್ತೇ ವಿಚಾರಿಸಿ.

ಹುಟ್ಟಿದ ದಿನ ಹಾಕಿದ ಕ್ಷಯದ ಲಸಿಕೆ ಬಿಸಿಜಿ ಬಗ್ಗೆ ಕೇಳಿದ್ದೀರಿ. ಅದು ಜೀವಂತ ಲಸಿಕೆ. ಟಿ ಕೋಶವಿಲ್ಲದ ಮೈಯಲ್ಲಿ ಅದೇ ಹರಡಬಹುದು. ಬಾಯಿಗೆ ಹಾಕುವ ಪೋಲಿಯೊ, ರೋಟಾ ಹನಿಯೂ ಅಷ್ಟೇ. ಕಂಕುಳಲ್ಲಿ ಗಂಟು ಕಂಡರೆ ತಕ್ಷಣ ತೋರಿಸಿ. ಈ ಮಗುವಿಗೆ ರಕ್ತ ಏರಿಸುವಾಗಲೂ ವಿಕಿರಣ ಹಾಯಿಸಿದ ರಕ್ತವೇ ಬೇಕು. ಇದನ್ನು ಓದಿದ ಬೇರೆಯವರು ಮಾತ್ರ ದಯವಿಟ್ಟು ನಿಮ್ಮ ಗಟ್ಟಿಮುಟ್ಟಾದ ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ. ಮನೆಯಲ್ಲಿ ಮೊದಲು ಒಂದು ಕೂಸು ಸೋಂಕಿನಿಂದ ಹೋಗಿದ್ದರೆ, ಮುಂದಿನದು ಹುಟ್ಟುವ ಮೊದಲೇ ಡಾಕ್ಟರಿಗೆ ಹೇಳಿ. ಅಷ್ಟು ಸಾಕು.

ಇನ್ನು ಮನೆಯ ಜಗಳ. ತಂಗಿಯನ್ನು ನಿಮ್ಮ ಅವ್ವನ ಕೊನೆಯ ತಮ್ಮನಿಗೇ ಕೊಟ್ಟಿದ್ದೀರಿ. ಈಗ ಅಜ್ಜಿ, ಅಂದರೆ ತಂಗಿಯ ಅತ್ತೆ, ‘ಇದು ನಿಮ್ಮಪ್ಪನ ಕಡೆಯಿಂದ ಬಂದ ಪೀಡೆ’ ಅಂತ ದಿನಾ ಅನ್ನುತ್ತಾರಂತೆ. ಲೆಕ್ಕ ಹಾಕೋಣ ಬನ್ನಿ. ಈ ಆಲ್ಫಾ ತುಂಡಿನ ಜೀನ್ ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಅಂಥವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಗಂಡ-ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಹೀಗಾಗಬಹುದು. ಅಂದರೆ ತಂಗಿಯೊಬ್ಬಳಿಂದ ಬಂದದ್ದಲ್ಲ, ಇಬ್ಬರಿಂದಲೂ ಬಂದದ್ದು. ಇನ್ನು ಇಬ್ಬರಿಗೂ ಒಂದೇ ತಪ್ಪು ಹೇಗೆ ಬಂತು? ಇಬ್ಬರ ವಂಶವೂ ಕೂಡುವ ಜಾಗ ಒಂದೇ, ನಿಮ್ಮ ಅವ್ವನ ಅಪ್ಪ-ಅವ್ವ. ಮಾವನಿಗೆ, ಅಂದರೆ ತಂಗಿಯ ಗಂಡನಿಗೆ, ಅವರು ಅಪ್ಪ-ಅವ್ವ, ತಂಗಿಗೆ ಅಜ್ಜ-ಅಜ್ಜಿ. ಅವರಲ್ಲಿ ಒಬ್ಬರಿಂದ ಆ ಪ್ರತಿ ಮಗನಿಗೆ ನೇರವಾಗಿ, ಮಗಳ ಮೂಲಕ ಮೊಮ್ಮಗಳಿಗೆ ಬಂದಿರುವ ಸಾಧ್ಯತೆಯೇ ಹೆಚ್ಚು. ಪಾಪ, ನಿಮ್ಮಪ್ಪ ಇದರಲ್ಲಿ ಇರುವ ಹಾಗೆ ಕಾಣುವುದಿಲ್ಲ. ಇದನ್ನು ಅಜ್ಜಿಗೆ ಹೇಳಬೇಕಾ? ನನ್ನ ಕೇಳಿದರೆ, ಬೇಡ. ಎರಡು ಮೊಮ್ಮಕ್ಕಳ ಸಂಕಟ ಅವರಿಗೂ ಇದೆ. ತಂಗಿಗೆ ಮಾತ್ರ ಕೂರಿಸಿಕೊಂಡು, ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿ.

ಕೊನೆಯ ಪುಟದ ಅಂಚಿನಲ್ಲಿ ಸಣ್ಣಗೆ ಬರೆದಿದ್ದೀರಿ: ‘ನನಗೂ ದೊಡ್ಡ ಮಾವನ ಮಗಳನ್ನೇ ನೋಡಿದ್ದಾರೆ.’ ಕಾಗದ ಬರೆದದ್ದೇ ಇದಕ್ಕೇನೋ ಅನಿಸಿತು. ಮೇಲಿನ ಲೆಕ್ಕ ಸರಿಯಿದ್ದರೆ ಆ ಕೆಟ್ಟ ಪ್ರತಿ ನಿಮ್ಮಲ್ಲಿರುವ ಸಾಧ್ಯತೆ ಎರಡರಲ್ಲಿ ಒಂದು, ಆ ಹುಡುಗಿಯಲ್ಲಿ ನಾಲ್ಕರಲ್ಲಿ ಒಂದು. ಬೇಡ ಅನ್ನಿ ಅಂತಲೂ ಹೇಳುವುದಿಲ್ಲ, ಆಗಲಿ ಅಂತಲೂ ಹೇಳುವುದಿಲ್ಲ. ಮಗುವಿನ ಜೀನ್ ರಿಪೋರ್ಟ್ ಬರಲಿ. ಅದರಲ್ಲಿ ಐಎಲ್7ಆರ್ ಅನ್ನುವ ಹೆಸರಿನ (ಆಲ್ಫಾ ತುಂಡಿನ ಜೀನ್ ಅದು) ಮುಂದೆ ಅಕ್ಷರ-ಅಂಕಿ ಬೆರೆತ ಒಂದು ಉದ್ದ ಸಾಲು ಇರುತ್ತದೆ. ತಪ್ಪು ಎಲ್ಲಿದೆ ಅನ್ನುವ ವಿಳಾಸ ಅದು. ವಿಳಾಸ ಗೊತ್ತಿದ್ದರೆ ಲ್ಯಾಬಿನವರು ನಿಮ್ಮಿಬ್ಬರ ರಕ್ತದಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿ ಹೇಳುತ್ತಾರೆ. ತಂಗಿ ಮತ್ತೆ ಬಸಿರಾದರೆ ಹೊಟ್ಟೆಯಲ್ಲಿರುವಾಗಲೇ ನೋಡಲೂ ಅದೇ ಸಾಲು ಬೇಕು. ಡಿಸ್ಚಾರ್ಜ್ ಫೈಲಿನಲ್ಲಿ ಆ ಹಾಳೆ ಇದೆಯಾ ಅಂತ ನೋಡಿಯೇ ಹೊರಡಿ. ಎರಡು ಜೆರಾಕ್ಸ್ ಮಾಡಿಸಿ ಬೇರೆ ಬೇರೆ ಕಡೆ ಇಡಿ. ನಿಶ್ಚಯದ ದಿನ ಗೊತ್ತುಮಾಡುವುದು ಆಮೇಲಿನ ಮಾತು.