ಸತ್ತ ಬಾಣಲೆಗೂ ನಗುವಿಗೂ ಏನು ನಂಟು?

ಪ್ರಶ್ನೆ: ಕೆಲವು ಹಾಸ್ಯನಟರ ಬಗ್ಗೆ ಬರೆಯುವಾಗ ‘ಡೆಡ್‌ಪ್ಯಾನ್’ ಅನ್ನುವ ಇಂಗ್ಲಿಷ್ ಪದ ಬಳಸುತ್ತಾರೆ. ಡೆಡ್ ಅಂದರೆ ಸತ್ತ, ಪ್ಯಾನ್ ಅಂದರೆ ಬಾಣಲೆ. ಇದರಲ್ಲಿ ಹಾಸ್ಯ ಎಲ್ಲಿದೆ?

ಉತ್ತರ: ನಾನೂ ಬಹಳ ವರ್ಷ ಆ ಬಾಣಲೆಯನ್ನೇ ಹಿಡಿದುಕೊಂಡಿದ್ದೆ. ಒಲೆ ಆರಿ ತಣ್ಣಗಾದ ಬಾಣಲೆ ಇರಬೇಕು ಅಂತ ನಾನೇ ಒಂದು ಅರ್ಥ ಕಟ್ಟಿ, ಕೇಳಿದವರೊಬ್ಬರಿಗೆ ಹೇಳಿಯೂ ಬಿಟ್ಟೆ. ಪಾಪ, ನಂಬಿದರು.

ಅಮೆರಿಕದ ಆಡುಮಾತಿನಲ್ಲಿ ‘ಪ್ಯಾನ್’ ಅಂದರೆ ಮುಖ. ಸಿಟ್ಟಾದವರನ್ನು ನೋಡಿ ‘ಮುಖ ಗಡಿಗೆ ಮಾಡ್ಕೊಂಡಿದ್ದಾರೆ’ ಅಂತ ನಾವು ಹೇಳ್ತೀವಲ್ಲ, ಹಾಗೆ ಅವರಿಗೂ ಮುಖ ಒಂದು ಪಾತ್ರೆ. ‘ಡೆಡ್’ ಅಂದರೆ ಇಲ್ಲಿ ಅಲುಗಾಟವಿಲ್ಲದ್ದು. ತಮಾಷೆ ನಡೆಯುತ್ತಿರುತ್ತದೆ, ಮಾಡುವವರ ಮುಖಕ್ಕೆ ಮಾತ್ರ ಅದರ ಸುದ್ದಿಯೇ ಇಲ್ಲ. ಈ ಪದ ಅಲ್ಲಿ ಬಳಕೆಗೆ ಬಂದದ್ದು 1920ರ ದಶಕದಲ್ಲಿ.

ಆಗಿನ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಇದಕ್ಕೆ ಮಾದರಿ. ಅವರಿಗೆ ‘ಕಲ್ಲು ಮುಖ’ ಅಂತಲೇ ಹೆಸರಿತ್ತು. ಚಿಕ್ಕವರಿದ್ದಾಗ ಅಪ್ಪ ಅವರನ್ನು ನಾಟಕದ ವೇದಿಕೆ ಮೇಲೆ ಎತ್ತಿ ಎಸೆಯುತ್ತಿದ್ದರು. ಹುಡುಗ ತಾನೇ ನಕ್ಕರೆ ಜನ ಕಡಿಮೆ ನಗುತ್ತಿದ್ದರು, ಮುಖ ಬಿಗಿಹಿಡಿದರೆ ಜಾಸ್ತಿ. ಆ ಪಾಠವನ್ನು ಅವರು ಮರೆಯಲಿಲ್ಲ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯ ಮುಂದಿನ ಗೋಡೆ ಇಡಿಯಾಗಿ ಅವರ ಮೇಲೆ ಬೀಳುತ್ತದೆ. ಕಿಟಕಿಯ ಕಿಂಡಿ ಸರಿಯಾಗಿ ಅವರು ನಿಂತ ಜಾಗಕ್ಕೇ ಬರುವುದರಿಂದ ಉಳಿದುಕೊಳ್ಳುತ್ತಾರೆ. ಗೋಡೆ ನಿಜವಾದ ಭಾರದ್ದು! ನಮ್ಮ ಎದೆ ಧಸಕ್ಕೆನ್ನುತ್ತದೆ, ಆ ಮುಖ ಮಾತ್ರ ಹಾಗೇ ಇರುತ್ತದೆ.

ಪದ ಹೊಸದು, ಚಾಳಿ ಹಳೆಯದು. ಕೀಟನ್ ಹುಟ್ಟಿದ 1895ರಲ್ಲೇ ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೇನ್ ಕಥೆ ಹೇಳುವ ಬಗ್ಗೆ ಒಂದು ಲೇಖನ ಬರೆದಿದ್ದರು. ತನ್ನ ಕಥೆಯಲ್ಲಿ ನಗುವಂಥದ್ದು ಇದೆ ಅನ್ನುವ ಗುಮಾನಿಯೂ ತನಗಿಲ್ಲ ಎಂಬಂತೆ ಗಂಭೀರವಾಗಿ ಹೇಳಬೇಕು ಅನ್ನುವುದು ಅವರ ವಾದ. ನನ್ನಿಂದ ಇದು ಆಗದ ಕೆಲಸ. ಜೋಕಿನ ಅರ್ಧಕ್ಕೇ ನಾನೇ ನಕ್ಕು ಕೆಡಿಸುತ್ತೇನೆ.

ಇದನ್ನು ಒಣ ಹಾಸ್ಯದ ಜೊತೆ, ಅಂದರೆ ಸಪ್ಪೆ ಮಾತಿನಲ್ಲೇ ನಗಿಸುವ ‘ಡ್ರೈ ಹ್ಯೂಮರ್’ ಜೊತೆ, ಕಲಸುವವರಿದ್ದಾರೆ. ಎರಡೂ ನೆಂಟರು, ಆದರೆ ಒಂದೇ ಅಲ್ಲ. ಒಣ ಹಾಸ್ಯ ಮಾತಿನಲ್ಲಿರುತ್ತದೆ, ಕಾಗದದ ಮೇಲೂ ಬದುಕುತ್ತದೆ. ಡೆಡ್‌ಪ್ಯಾನ್‌ಗೆ ಮುಖವೋ ದನಿಯೋ ಬೇಕು. ಮೇಲಿನ ಬಾಣಲೆ ಕಥೆಯನ್ನು ನಾನು ಯಾವ ಮುಖ ಇಟ್ಟುಕೊಂಡು ಬರೆದೆ ಅಂತ ನಿಮಗೆ ಕಾಣುವುದಿಲ್ಲ, ಅಲ್ವಾ?